ಜೇನುಪೆಟ್ಟಿಗೆ ಹೊತ್ತು ತಿರುಗುವ ಕೆಲಸ: ಸ್ಲೊವೇನಿಯಾ ನೋಡಿ ಬಂದ ಮೇಲೆ ಒಂದು ಪ್ರಶ್ನೆ

ಹೊಳೆಸಾಲಿನವ (ಶಿರಸಿ):
ನನ್ನ ಭಾವ ನಮ್ಮ ನಾಡಿನದೇ ತಳಿಯಾದ ತುಡುವೆ ಜೇನು ಸಾಕುತ್ತಾರೆ. ಗೇರು ಹೂಬಿಡುವಾಗ ದೇವಿಮನೆ ಘಟ್ಟ ಇಳಿಸಿ ಕುಮಟಾ ಕಡೆ ಪೆಟ್ಟಿಗೆ ಇಡುತ್ತಾರೆ, ನೇರಳೆ ಹೂಬಿಟ್ಟಾಗ ಮತ್ತೆ ಮೇಲಕ್ಕೆ ತರುತ್ತಾರೆ. ರಾತ್ರಿ ನಿದ್ದೆಗೆಟ್ಟು ನೊಣಗಳನ್ನು ಊರೂರು ತಿರುಗಿಸುವುದೂ ಒಂದು ಉದ್ಯೋಗವೇ ಎಂದು ನಾನು ನಗೆಯಾಡಿದ್ದುಂಟು. ಕಳೆದ ಮೇ ತಿಂಗಳಲ್ಲಿ ಮಗನ ಒತ್ತಾಯಕ್ಕೆ ಸ್ಲೊವೇನಿಯಾಕ್ಕೆ ರಜೆ ಕಳೆಯಲು ಹೋಗಿದ್ದಾಗ, ರಾಡೊವ್ಲಿಟ್ಸಾ ಎಂಬ ಊರಿನ ಜೇನು ಸಾಕಣೆಯ ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆದೆ. ಸುಮಾರು 20 ಲಕ್ಷ ಜನರಿರುವ ಆ ದೇಶದಲ್ಲಿ ಜೇನು ಸಾಕುವವರೇ ಹತ್ತು ಸಾವಿರದಷ್ಟಿದ್ದಾರೆ. 1734ರಲ್ಲಿ ಹುಟ್ಟಿದ ಆಂಟನ್ ಯಾನ್ಶಾ ಎಂಬಾತ, ಪೆಟ್ಟಿಗೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಜೋಡಿಸಲು ಬರುವಂತೆ ಮಾಡಿ, ಹೂವಿರುವ ಕಡೆಗೆ ಸಾಗಿಸಬೇಕೆಂದು ಬೋಧಿಸಿದನಂತೆ. ಅವನ ನೆನಪಿಗೇ ಮೇ 20 ವಿಶ್ವ ಜೇನುನೊಣ ದಿನವಾಗಿದೆ. ಹಳ್ಳಿಯೊಂದರ ಬಳಿ, ಬಣ್ಣಬಣ್ಣದ ಪೆಟ್ಟಿಗೆಗಳು ಗೋಡೆಯಂತೆ ಸಾಲುಗೂಡಿದ್ದ ಒಂದು ಲಾರಿಯೂ ಕಂಡಿತು. ಅಂಥದೊಂದು ಬಂಡಿಯನ್ನು ಭಾವನಿಗೆ ಮಾಡಿಸಿಕೊಡಬಹುದೇ?

ಎರಿಕಟ್ಟು (ಸಿದ್ದಾಪುರ):
ಬೇಡವೆಂದೇ ಹೇಳುತ್ತೇನೆ. ಅವರ ಪೆಟ್ಟಿಗೆಯ ಬಾಗಿಲು ಹಿಂಬದಿಗಿರುತ್ತದೆ. ನೊಣಗಳು ಎರಿ (ತುಪ್ಪ, ಮರಿಗಳಿರುವ ಮೇಣದ ಹಲ್ಲೆ) ಕಟ್ಟುವ ಚೌಕಟ್ಟನ್ನು ಕಪಾಟಿನಿಂದ ಪುಸ್ತಕ ಎಳೆದಂತೆ ಎಳೆಯಬಹುದಾದ್ದರಿಂದ ಲಾರಿಯಿಂದ ಇಳಿಸದೆಯೇ ಕೆಲಸ ಸಾಗುತ್ತದೆ. ನಮ್ಮದು ಮುಚ್ಚಳ ತೆಗೆದು ಮೇಲಿನಿಂದ ನೋಡುವಂಥದ್ದು. ಅದಕ್ಕಿಂತ ದೊಡ್ಡ ತೊಡಕೆಂದರೆ ನೊಣದ ಸ್ವಭಾವ. ಅಲ್ಲಿನ ಕಾರ್ನಿಯೋಲನ್ ಜೇನು ಸಾಧು. ತುಡುವೆಯ ಕುಟುಂಬಗಳನ್ನು ಹಾಗೆ ಒತ್ತೊತ್ತಾಗಿಟ್ಟರೆ ಒಂದರ ತುಪ್ಪವನ್ನು ಮತ್ತೊಂದು ಕದಿಯುತ್ತದೆ, ಕಿರಿಕಿರಿ ಹೆಚ್ಚಾದರೆ ಗೂಡನ್ನೇ ಬಿಟ್ಟು ಹೋಗುತ್ತದೆ. ಬಂಡಿಯ ಬದಲು ಭಾವನವರ ರಾತ್ರಿಯ ಕೆಲಸವನ್ನೊಮ್ಮೆ ಜೊತೆಗಿದ್ದು ನೋಡಿ. ಮೇಯಲು ಹೋದ ನೊಣಗಳೆಲ್ಲ ಕತ್ತಲಾಗುವಾಗ ಮರಳಿದ ಮೇಲೆಯೇ ಬಾಗಿಲಿಗೆ ಜಾಲರಿ ಬಡಿಯಬೇಕು, ಗಾಳಿಯಾಡುವಂತಿರಬೇಕು, ಎರಿಗಳು ವಾಹನ ಸಾಗುವ ದಿಕ್ಕಿಗೇ ಉದ್ದವಾಗಿರಬೇಕು. ಅಡ್ಡವಾಗಿಟ್ಟರೆ ಬ್ರೇಕು ಹಾಕಿದಾಗಲೆಲ್ಲ ಜೋಲಾಡಿ, ತುಪ್ಪ ತುಂಬಿದ ಹೊಸ ಎರಿಗಳು ತುಂಡಾಗುತ್ತವೆ. ನನ್ನದೇ ಒಂದು ಪೆಟ್ಟಿಗೆಯನ್ನು ಹಾಗೆ ಕಳೆದುಕೊಂಡಿದ್ದೇನೆ. ಬೆಳಗಾಗುವಷ್ಟರಲ್ಲಿ ಅಡಿಯ ಹಲಗೆಯೆಲ್ಲ ತುಪ್ಪವಾಗಿತ್ತು, ರಾಣಿ ಅದರಲ್ಲಿ ಮುಳುಗಿ ಸತ್ತಿತ್ತು.

ಮರಳದಂಡೆ (ಹೊನ್ನಾವರ):
ನನ್ನ ತೆಂಗಿನ ತೋಟದಲ್ಲಿ ಪ್ರತಿ ವರ್ಷ ಘಟ್ಟದ ಮೇಲಿನವರೊಬ್ಬರು ಪೆಟ್ಟಿಗೆ ಇಡುತ್ತಾರೆ. ತೆಂಗಿನ ಹೊಂಬಾಳೆ ವರ್ಷವಿಡೀ ಒಂದಿಲ್ಲೊಂದು ಬಿಚ್ಚುತ್ತಲೇ ಇರುವುದರಿಂದ ನೊಣಗಳಿಗೆ ಮೇವಿನ ಕೊರತೆಯಾಗದು. ಬಾಡಿಗೆಯ ಮಾತಿಲ್ಲ, ಎರಡು ಬಾಟಲಿ ತುಪ್ಪ ಕೊಟ್ಟು ಹೋಗುತ್ತಾರೆ. ಅವರು ಕೇಳುವುದು ಒಂದನ್ನೇ: ಅಕ್ಕಪಕ್ಕದ ಗೇರು ತೋಪಿಗೆ ಔಷಧಿ ಹೊಡೆಯುವ ಸುದ್ದಿ ಮುಂಚಿತವಾಗಿ ತಿಳಿಯಬೇಕು. ಬಂಡಿಗೆ ಹಾಕುವ ಹಣವಿದ್ದರೆ, ಕೆಳಗಿನ ತೋಟಿಗರನ್ನು ಕಂಡು ಮಾತಾಡಿಸಿ ಬರಲು ಭಾವನವರಿಗೆ ಓಡಾಟದ ಖರ್ಚು ಕೊಡಿ.

ಹಳೆಯ ಪೆಟ್ಟಿಗೆ (ಯಲ್ಲಾಪುರ):
ಒಂದು ಮಾತು ಸೇರಿಸುತ್ತೇನೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗದಿಂದ ಮರಿಗಳು ಸತ್ತು, ನಮ್ಮ ರಾಜ್ಯದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಪೆಟ್ಟಿಗೆ ತಿರುಗಿದಂತೆ ರೋಗವೂ ತಿರುಗುತ್ತದೆ. ಆದ್ದರಿಂದ ಹೊರಡುವ ಮೊದಲು ಪ್ರತಿ ಎರಿಯ ಮರಿಗಳನ್ನೂ ನೋಡಲೇಬೇಕು.

ಹೊಳೆಸಾಲಿನವ (ಶಿರಸಿ):
ಎಲ್ಲರಿಗೂ ಧನ್ಯವಾದ. ಬಂಡಿಯ ಯೋಚನೆ ಬಿಟ್ಟೆ. ಈ ಸಲ ಘಟ್ಟ ಇಳಿಯುವಾಗ ಜೊತೆಗೆ ಬರುತ್ತೇನೆಂದು ಭಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಬಾ, ಬಿಳಿ ಬೆಳಕಿಗೆ ನೊಣ ಏಳುತ್ತವೆ ಎಂದರು.