ಕ್ರಾಸ್‌ಮನ್ 2240ಕ್ಕೆ ಉಕ್ಕಿನ ಬ್ರೀಚ್ ಹಾಕಿಸುವುದು ಸರಿಯೇ?

ಪ್ರಶ್ನೆ (ಒಹಾಯೋದಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎರಡು ವರ್ಷಗಳಿಂದ ಕ್ರಾಸ್‌ಮನ್ 2240 ಏರ್ ಪಿಸ್ತೂಲು ಇದೆ. 12 ಗ್ರಾಂ ಸಿಒ2 (ಇಂಗಾಲದ ಡೈಆಕ್ಸೈಡ್) ಸಿಲಿಂಡರಿನಿಂದ ನಡೆಯುವ, ಒಂದೊಂದೇ ಪೆಲೆಟ್ (ಪುಟ್ಟ ಗುಂಡು) ತುಂಬಿ ಹೊಡೆಯಬೇಕಾದ, .22 ಕ್ಯಾಲಿಬರಿನ (ಇಂಚಿನಲ್ಲಿ ನಳಿಗೆಯ ಒಳ ಅಳತೆ) ಸಾದಾ ಪಿಸ್ತೂಲು ಅದು. ನೆಲಮಾಳಿಗೆಯಲ್ಲಿ ಎಂಟು ಮೀಟರ್ ದೂರದ ಕಾಗದಕ್ಕೆ ಗುರಿಯಿಡುವುದಷ್ಟೇ ನನ್ನ ಹವ್ಯಾಸ. ಚಾಳೀಸು ಬಂದ ಮೇಲೆ ಹಿಂದಿನ ಸೈಟಿನ ಕಚ್ಚು ಮಸುಕಾಗಿ ಕಾಣುತ್ತಿರುವುದರಿಂದ ರೆಡ್ ಡಾಟ್ (ಗುರಿಯ ಮೇಲೆ ಕೆಂಪು ಚುಕ್ಕೆ ತೋರಿಸುವ ಸೈಟ್) ಕೂರಿಸಬೇಕೆಂದಿದ್ದೇನೆ. ಆದರೆ ಪಿಸ್ತೂಲಿನೊಂದಿಗೆ ಬಂದ ಪ್ಲಾಸ್ಟಿಕ್ ಬ್ರೀಚಿನ (ನಳಿಗೆಯ ಹಿಂತುದಿಯನ್ನು ಹಿಡಿಯುವ ಭಾಗ) ಮೇಲೆ ಸೈಟಿನ ಮೌಂಟ್ ಹಿಡಿಯುವಂಥ ಡವ್‌ಟೇಲ್ ಎಂಬ ಓರೆ ಅಂಚಿನ ಹಳಿ ಇಲ್ಲ. ಕ್ರಾಸ್‌ಮನ್‌ನವರದೇ ಉಕ್ಕಿನ ಬ್ರೀಚ್ ಕಿಟ್ ಕೊಳ್ಳಬೇಕೇ, ಬೇರೆ ತಯಾರಕರ ದುಬಾರಿ ಬ್ರೀಚ್ ಕೊಳ್ಳಬೇಕೇ? ಬ್ರೀಚ್ ಬದಲಿಸಿದರೆ ಗುರಿಯ ನಿಖರತೆಯೂ ಹೆಚ್ಚುತ್ತದೆಯೇ? ಕಳೆದ ವಾರ ಬೇಗಬೇಗ ಹೊಡೆದ ಹತ್ತು ಪೆಲೆಟ್‌ಗಳು ಒಂದರ ಕೆಳಗೊಂದು ಜಾರುತ್ತಾ ಹೋದವು. ಅದು ಪ್ಲಾಸ್ಟಿಕ್ಕಿನ ದೋಷವೆಂದು ಗೆಳೆಯರೊಬ್ಬರು ಹೇಳಿದರು.

ಉತ್ತರ 1 (ಟೆಕ್ಸಾಸಿನಿಂದ)

ಸರ್, ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಪೆಲೆಟ್ ನಳಿಗೆಯಿಂದ ಹೇಗೆ ಹೊರಡುತ್ತದೆ ಎಂಬುದನ್ನು ನಿರ್ಧರಿಸುವುದು ನಳಿಗೆ, ಪೆಲೆಟ್ ಮತ್ತು ಅನಿಲದ ಒತ್ತಡ. ಬ್ರೀಚಿನ ಕೆಲಸ ನಳಿಗೆಯನ್ನು ಅಲುಗದಂತೆ ಹಿಡಿಯುವುದು, ಪೆಲೆಟ್ಟನ್ನು ನಳಿಗೆಯೊಳಗೆ ತಳ್ಳುವ ಬೋಲ್ಟಿಗೆ ದಾರಿ ಕೊಡುವುದು, ಸೈಟಿಗೆ ಗಟ್ಟಿಯಾದ ನೆಲೆಯಾಗುವುದು. ಬರಿಯ ನಿಖರತೆಯ ಆಸೆಯಿಂದ ಬ್ರೀಚ್ ಬದಲಿಸಿದವರಿಗೆ ಬಹುಮಟ್ಟಿಗೆ ನಿರಾಸೆಯಾಗುತ್ತದೆ; ರೆಡ್ ಡಾಟಿಗಾಗಿ ಬದಲಿಸಿದವರು ಮತ್ತೆ ಪ್ಲಾಸ್ಟಿಕ್ಕಿನ ಕಡೆಗೆ ತಿರುಗಿ ನೋಡುವುದಿಲ್ಲ.

ನಿಮ್ಮ ಅಗತ್ಯಕ್ಕೆ ಕ್ರಾಸ್‌ಮನ್‌ನ ಕಿಟ್ ಧಾರಾಳವಾಗಿ ಸಾಕು. ಬ್ರೀಚಿನ ಜೊತೆಗೆ ಬೋಲ್ಟು, ಅದರ ಹಿಡಿ, ಓ-ರಿಂಗ್ (ಅನಿಲ ಸೋರದಂತೆ ತಡೆಯುವ ರಬ್ಬರ್ ಬಳೆ) ಮತ್ತು ತಿರುಪುಗಳೂ ಅದರಲ್ಲಿರುತ್ತವೆ. ಮೇಲೆ 11 ಮಿಲಿಮೀಟರಿನ ಡವ್‌ಟೇಲ್ ಇರುತ್ತದೆ. ಇದೇ ಕಿಟ್ .177 ಕ್ಯಾಲಿಬರಿಗೂ ಬೇರೆಯಾಗಿ ಸಿಗುತ್ತದೆ, ಬೋಲ್ಟಿನ ಮೂತಿಯ ಅಳತೆ ಬೇರೆಯಾದ್ದರಿಂದ .22 ಎಂಬುದನ್ನು ನೋಡಿಯೇ ತರಿಸಿಕೊಳ್ಳಿ. ಈಗಿರುವ ಪ್ಲಾಸ್ಟಿಕ್ಕಿನ ಹಿಂದಿನ ಸೈಟನ್ನು ಇದರ ಮೇಲೆ ಕೂರಿಸಬಹುದೆಂದು ಲೆಕ್ಕ ಹಾಕಬೇಡಿ. ನಿಮಗೆ ಪಿಕಾಟಿನಿ (ಅಡ್ಡ ಕಚ್ಚುಗಳಿರುವ ಅಗಲವಾದ ಹಳಿ) ಮೌಂಟೇ ಬೇಕೆಂದಿದ್ದರೆ ಮಾತ್ರ ಬೇರೆ ತಯಾರಕರ ಬ್ರೀಚುಗಳಿಗೆ ಹೆಚ್ಚಿನ ಹಣ ಕೊಡುವುದರಲ್ಲಿ ಅರ್ಥವಿದೆ. ರೈಫಲ್ಲಿನ ಸ್ಕೋಪನ್ನಂತೂ ಕೊಳ್ಳಲೇಬೇಡಿ; ಪಿಸ್ತೂಲನ್ನು ಕೈ ಚಾಚಿ ಹಿಡಿಯುವುದರಿಂದ ಅಷ್ಟು ದೂರಕ್ಕೆ ಅದರಲ್ಲಿ ಚಿತ್ರವೇ ಕಾಣುವುದಿಲ್ಲ.

ಜೋಡಿಸುವಾಗ ಎಚ್ಚರ ಬೇಕಾದ ಜಾಗ ಒಂದೇ. ವಾಲ್ವಿನಿಂದ ನಳಿಗೆಗೆ ಅನಿಲ ಏರುವ ಟ್ರಾನ್ಸ್‌ಫರ್ ಪೋರ್ಟ್ ಎಂಬ ಪುಟ್ಟ ಕೊಳವೆಯೊಂದು ಬ್ರೀಚಿನ ಕೆಳಗೆ ಸಡಿಲವಾಗಿ ಕೂತಿರುತ್ತದೆ. ಹಳೆಯ ಬ್ರೀಚ್ ಎತ್ತಿದೊಡನೆ ಅದು ಎಲ್ಲಿಗೆ ಬೇಕಾದರೂ ಉರುಳಬಹುದು. ನನ್ನದು ಕಾರ್ಪೆಟ್ಟಿನೊಳಗೆ ಸೇರಿಕೊಂಡು, ಮಂಡಿಯೂರಿ ಟಾರ್ಚ್ ಹಿಡಿದು ಹುಡುಕುವುದರಲ್ಲಿ ಒಂದು ಸಂಜೆಯೇ ಕಳೆಯಿತು. ಬಿಳಿಯ ಟವೆಲ್ ಹಾಸಿಕೊಂಡು ಕೂರಿ. ನಳಿಗೆಯ ತಳದ ರಂಧ್ರ ಆ ಕೊಳವೆಗೆ ನೇರವಾಗಿರಬೇಕು, ತುಸು ತಿರುಗಿದ್ದರೂ ಅನಿಲ ಸೋರುತ್ತದೆ. ಬ್ರೀಚಿನ ಮುಂದಿನ ತಿರುಪು ಬಹಳ ಸಣ್ಣದು, ಬಲವಂತ ಮಾಡಿದರೆ ಥ್ರೆಡ್ ಕಿತ್ತುಹೋಗುತ್ತದೆ. ಇದನ್ನೆಲ್ಲ ಶುರುಮಾಡುವ ಮೊದಲು ಸಿಲಿಂಡರನ್ನು ಹೊರತೆಗೆದು, ಒಳಗೆ ಪೆಲೆಟ್ ಇಲ್ಲವೆಂಬುದನ್ನು ಕಣ್ಣಾರೆ ನೋಡಿಕೊಳ್ಳಿ.

ಉತ್ತರ 2 (ಮಿನ್ನೆಸೋಟಾದಿಂದ)

ಪೆಲೆಟ್‌ಗಳು ಕೆಳಗೆ ಜಾರಿದ್ದಕ್ಕೆ ಪ್ಲಾಸ್ಟಿಕ್ಕನ್ನು ದೂರಬೇಡಿ. ದ್ರವರೂಪದ ಸಿಒ2 ಅನಿಲವಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ ಬೇಗಬೇಗ ಹೊಡೆದಷ್ಟೂ ಸಿಲಿಂಡರ್ ತಣ್ಣಗಾಗುತ್ತದೆ. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 59 ಬಾರ್ ಇರುವ ಒತ್ತಡ 10 ಡಿಗ್ರಿಯಲ್ಲಿ 45 ಬಾರ್‌ಗೆ ಇಳಿಯುತ್ತದೆ, ಅದರೊಂದಿಗೆ ಪೆಲೆಟ್‌ನ ವೇಗವೂ ಕುಗ್ಗುತ್ತದೆ. ನಮ್ಮೂರಿನ ಚಳಿಗಾಲದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೊಡೆತಕ್ಕೂ ಹೊಡೆತಕ್ಕೂ ನಡುವೆ ಒಂದು ನಿಮಿಷ ಬಿಟ್ಟು ನೋಡಿ. ಜಾರುವುದು ನಿಂತರೆ ದೋಷ ಬ್ರೀಚಿನದಲ್ಲ. ಪೆಲೆಟ್‌ಗಳು ಅಡ್ಡಡ್ಡ ಚದುರುತ್ತಿದ್ದರೆ ಮಾತ್ರ, ನಳಿಗೆಯ ಮುಂದಿನ ಬ್ಯಾಂಡಿನ ತಿರುಪು ಸಡಿಲವಾಗಿದೆಯೇ ಎಂದು ಪರೀಕ್ಷಿಸಿ.

ಇನ್ನೊಂದು ಮಾತು. ನಳಿಗೆಗೇ ಕಚ್ಚಿಕೊಳ್ಳುವ ಮೌಂಟುಗಳು ಕಡಿಮೆ ಬೆಲೆಗೆ ಸಿಗುತ್ತವೆ, ಹಗುರವಾದ ರೆಡ್ ಡಾಟಿಗೆ ಅವೂ ಸಾಕು.

ಉತ್ತರ 3 (ಇಂಗ್ಲೆಂಡಿನ ರೆಡಿಂಗ್‌ನಿಂದ)

ಬ್ರಿಟನ್ನಿನ ಓದುಗರಿದ್ದರೆ ಅವರಿಗಾಗಿ ಒಂದು ಸೂಚನೆ. ಇಲ್ಲಿ ಏರ್ ಪಿಸ್ತೂಲಿನ ಶಕ್ತಿ 6 ಅಡಿ-ಪೌಂಡ್ ಮೀರಿದರೆ ಅದು ನಿಷೇಧಿತ ಆಯುಧವೇ ಆಗಿಬಿಡುತ್ತದೆ. ಬ್ರೀಚ್ ಒಂದನ್ನೇ ಬದಲಿಸುವುದರಿಂದ ಶಕ್ತಿ ಹೆಚ್ಚಬೇಕೆಂದಿಲ್ಲ, ಆದರೂ ಅನಿಲದ ಹಾದಿಯಲ್ಲಿ ಏನನ್ನೇ ಬಿಚ್ಚಿ ಕೂಡಿಸಿದರೂ ಪೆಲೆಟ್‌ನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ಅಳೆಯಿಸಿಕೊಳ್ಳುವುದು ಒಳ್ಳೆಯದು. ಅಮೆರಿಕದಿಂದ ಬಂದ ಪಿಸ್ತೂಲುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಉತ್ತರ 4 (ಬೆಂಗಳೂರಿನಿಂದ)

ಈ ಪಿಸ್ತೂಲನ್ನು ಅಮೆರಿಕದಿಂದ ಊರಿಗೆ ತರಬಹುದೇ ಎಂದು ನನ್ನ ತಮ್ಮ ಕೇಳಿದ್ದ. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಕ್ಯಾಲಿಬರ್ .177 ಇಂಚನ್ನು ಅಥವಾ ಶಕ್ತಿ 20 ಜೂಲನ್ನು ಮೀರಿದರೆ ಪರವಾನಗಿ ಬೇಕು. ನಿಮ್ಮದು .22 ಆದ್ದರಿಂದ ಶಕ್ತಿ ಕಡಿಮೆಯಿದ್ದರೂ ವಿನಾಯಿತಿ ಇಲ್ಲ. ಅವನಿಗೂ ಅದನ್ನೇ ಹೇಳಿ ಸುಮ್ಮನಾಗಿಸಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ನಿಮಿಷಕ್ಕೊಂದರಂತೆ ಹತ್ತು ಪೆಲೆಟ್ ಹೊಡೆದೆ. ಎಂಟು ಒಂದು ರೂಪಾಯಿ ನಾಣ್ಯದೊಳಗೆ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು, ಉಳಿದೆರಡು ನನ್ನ ಕೈ ನಡುಗಿದ್ದಕ್ಕೆ ಬಲಕ್ಕೆ ಹೋದವು. ಹಾಗಾಗಿ ಪ್ಲಾಸ್ಟಿಕ್ ಬ್ರೀಚಿನ ಮೇಲಿದ್ದ ಸಿಟ್ಟು ಇಳಿದಿದೆ. ಆದರೆ ಕಣ್ಣಿನ ತೊಂದರೆ ಇದ್ದೇ ಇರುವುದರಿಂದ .22ರ ಉಕ್ಕಿನ ಕಿಟ್ಟನ್ನೇ ತರಿಸುತ್ತಿದ್ದೇನೆ. ಬಿಳಿಯ ಟವೆಲನ್ನು ಈಗಲೇ ತೆಗೆದಿಟ್ಟಿದ್ದೇನೆ.