ಅಮ್ಮನ ಉಬ್ಬಸಕ್ಕೆ ಚೀನೀ ಪುಡಿ, ಜೊತೆಗೆ ಪಂಪ್: ಎರಡೂ ಒಟ್ಟಿಗೆ ಕೊಡಬಹುದಾ?

ಪ್ರಶ್ನೆ (ಸದಸ್ಯೆ, ಸಿಂಗಪುರ): ಡಾಕ್ಟರ್ ಮೇಡಂ, ನಮಸ್ಕಾರ. ಹಾಸನದಿಂದ ಅಮ್ಮ ಬಂದು ಎರಡು ತಿಂಗಳಾಯ್ತು. ವಯಸ್ಸು 64, ಉಬ್ಬಸ ಹಳೆಯದು. ಬುಡೆಸೊನೈಡ್-ಫಾರ್ಮೊಟೆರಾಲ್ ಪಂಪ್ (ಇನ್‌ಹೇಲರ್) ದಿನಕ್ಕೆರಡು ಸಲ, ರಾತ್ರಿ ಉಬ್ಬಸಕ್ಕೇ ಡೆರಿಫಿಲಿನ್ ಮಾತ್ರೆ, ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ ಇರುವ ಮಾತ್ರೆ. ಪಕ್ಕದ ಮನೆಯ ಚೀನೀ ಆಂಟಿ ತಮ್ಮ ವೈದ್ಯರ ಹತ್ತಿರ ಕರ್ಕೊಂಡು ಹೋಗಿದ್ರು. ಅಲ್ಲಿ ಕೊಟ್ಟ ಪುಡಿಯನ್ನ ಬಿಸಿನೀರಲ್ಲಿ ಕದಡಿ ಐದು ದಿನದಿಂದ ಕುಡೀತಿದ್ದಾರೆ. ಸುಯ್ ಸುಯ್ ಸದ್ದು ನಿಂತಿದೆ. ಆದರೆ ಎದೆ ಢವಢವ, ಕೈ ನಡುಕ, ನಿದ್ದೆ ಇಲ್ಲ, ಕಾಲಲ್ಲಿ ಶಕ್ತಿಯೇ ಇಲ್ಲ ಅಂತಾರೆ. ಪೊಟ್ಟಣದ ಮೇಲಿದ್ದದ್ದನ್ನ ಆಂಟಿ ಓದಿ ಹೇಳಿದ್ರು: ಮಾ ಹುವಾಂಗ್, ಶಿಂಗ್ ರೆನ್, ಗಾನ್ ತ್ಸಾವ್. "ಪಂಪ್ ಬಿಟ್ಬಿಡ್ತೀನಿ ಕಣೇ, ಇದೇ ಸಾಕು" ಅಂತ ಅಮ್ಮನ ಹಟ.

ಉತ್ತರ (ಶ್ವಾಸಕೋಶ ತಜ್ಞೆ): ಮೊದಲು ಮಾಡಬೇಕಾದ್ದು, ಕಾರಣ ಆಮೇಲೆ. ಪುಡಿ ಈಗಲೇ ನಿಲ್ಲಿಸಿ. ಪಂಪ್ ನಿಲ್ಲಿಸಬೇಡಿ. ಇವತ್ತೇ ಕ್ಲಿನಿಕ್ಕಿಗೆ ಹೋಗಿ ನಾಡಿ, ಬಿಪಿ, ಇಸಿಜಿ, ರಕ್ತದ ಪೊಟ್ಯಾಸಿಯಂ ನೋಡಿಸಿ. ರಾತ್ರಿ ಡೆರಿಫಿಲಿನ್ ಕೊಡಬೇಕೋ ಬೇಡವೋ ಅಂತ ಅಲ್ಲೇ ಕೇಳಿ. ಪೊಟ್ಟಣವನ್ನೂ ತಗೊಂಡು ಹೋಗಿ. ಎದೆನೋವು ಬಂದರೆ, ಕಣ್ಣು ಕತ್ತಲೆ ಬಂದರೆ, ಒಂದು ಮಾತು ಪೂರ್ತಿ ಮುಗಿಸಲಾಗದಷ್ಟು ಏದುಸಿರಾದರೆ ತಡಮಾಡದೆ ಸಿಂಗಪುರದ ಆಂಬುಲೆನ್ಸ್ ನಂಬರ್ 995ಕ್ಕೆ ಫೋನ್ ಮಾಡಿ.

ಈಗ ಕಾರಣ. ಮಾ ಹುವಾಂಗ್ ಅಂದರೆ ಎಫೆಡ್ರಾ ಗಿಡ, ಅದರಲ್ಲಿರುವುದು ಎಫೆಡ್ರಿನ್. 1885ರಲ್ಲಿ ಜಪಾನಿನ ನಾಗಾಯ್ ನಾಗಾಯೋಶಿ ಅದನ್ನು ಗಿಡದಿಂದ ಬೇರ್ಪಡಿಸಿದರು. 1924ರಲ್ಲಿ ಬೀಜಿಂಗಿನಲ್ಲಿ ಚೆನ್ ಮತ್ತು ಶ್ಮಿಟ್ ಅದರ ಕೆಲಸವನ್ನು ಜಗತ್ತಿಗೆ ತಿಳಿಸಿದ ಮೇಲೆ ಎಷ್ಟೋ ವರ್ಷ ಆಸ್ಪತ್ರೆಗಳಲ್ಲಿ ಉಬ್ಬಸಕ್ಕೆ ಅದೇ ಮಾತ್ರೆ. ಹಾಗಾಗಿ ಅಮ್ಮನಿಗೆ ಉಸಿರು ಸಲೀಸಾಗಿದ್ದು ಸುಳ್ಳಲ್ಲ. ಆದರೆ ಎಫೆಡ್ರಿನ್ ಶ್ವಾಸನಾಳ ಬಿಚ್ಚುವುದರ ಜೊತೆಗೆ ಹೃದಯವನ್ನೂ ಓಡಿಸುತ್ತದೆ, ಬಿಪಿ ಏರಿಸುತ್ತದೆ. ಪಂಪಿನಲ್ಲಿರುವ ಫಾರ್ಮೊಟೆರಾಲ್‌ಗೂ, ಡೆರಿಫಿಲಿನ್‌ಗೂ ಹೃದಯ ಓಡಿಸುವ ಗುಣ ಇದೆ. ಮೂರೂ ಸೇರಿದ್ದಕ್ಕೇ ಆ ಢವಢವ. ಎಫೆಡ್ರಾ ಇರುವ ಆಹಾರ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿದ್ದು ಹೃದಯಕ್ಕೆ ಆಗುವ ಅಪಾಯ ನೋಡಿಯೇ.

ನನಗೆ ಇನ್ನೂ ಹೆಚ್ಚು ಚಿಂತೆ ಕಾಲಿನ ನಿಶ್ಶಕ್ತಿಯದು. ಗಾನ್ ತ್ಸಾವ್ ಅಂದರೆ ನಮ್ಮ ಜ್ಯೇಷ್ಠಮಧುವಿನ ಜಾತಿಯದೇ ಬೇರು. ಅದು ದೇಹದಲ್ಲಿ ಉಪ್ಪು ನೀರು ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕುತ್ತದೆ. ಅಮ್ಮನ ಬಿಪಿ ಮಾತ್ರೆಯಲ್ಲಿರುವ ಹೈಡ್ರೋಕ್ಲೋರೋಥಯಾಜೈಡ್, ಪಂಪಿನ ಫಾರ್ಮೊಟೆರಾಲ್, ಡೆರಿಫಿಲಿನ್‌ನಲ್ಲಿರುವ ಥಿಯೋಫಿಲಿನ್ ಕೂಡ ಪೊಟ್ಯಾಸಿಯಂ ಇಳಿಸುವಂಥವೇ. ತುಂಬಾ ಇಳಿದರೆ ಹೃದಯದ ಲಯ ತಪ್ಪುತ್ತದೆ.

ಪಂಪಿನ ವಿಷಯ ಅಮ್ಮನಿಗೆ ಹೀಗೆ ಹೇಳಿ: ಸದ್ದು ನಿಂತ ಮಾತ್ರಕ್ಕೆ ಒಳಗಿನ ಊತ ಇಳಿದಿಲ್ಲ. ಊತ ಇಳಿಸುವುದು ಪಂಪಿನಲ್ಲಿರುವ ಬುಡೆಸೊನೈಡ್. ಅದನ್ನು ಬಿಟ್ಟರೆ ಮೊದಲ ಕೆಲವು ದಿನ ಏನೂ ಗೊತ್ತಾಗುವುದಿಲ್ಲ, ಆಮೇಲೆ ಒಂದು ರಾತ್ರಿ ಉಸಿರು ಕಟ್ಟುತ್ತದೆ. ಪಂಪ್ ಬಿಟ್ಟು ಅಂಥ ರಾತ್ರಿ ಬಂದವರನ್ನು ನಾನು ಬಹಳ ಜನ ನೋಡಿದ್ದೇನೆ.

ಸದಸ್ಯ (ಶಿವಮೊಗ್ಗ): ಮೇಡಂ, ನಾವು ಕಷಾಯಕ್ಕೆ ಜ್ಯೇಷ್ಠಮಧು ಹಾಕ್ತೀವಲ್ಲ, ಅದೂ ಬೇಡವಾ?

ಉತ್ತರ: ಗಂಟಲು ಕೆರೆತಕ್ಕೆ ಎರಡು ದಿನ ಚೂರು ಹಾಕಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಬಿಪಿ ಇದ್ದವರು, ಮೂತ್ರ ಹೋಗಿಸುವ ಮಾತ್ರೆ ಅಥವಾ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ತಗೊಳ್ಳುವವರು ವಾರಗಟ್ಟಲೆ ಕುಡಿಯಬಾರದು. ಇನ್ನೊಂದು, ಉಬ್ಬಸದ ಕೆಲವು ಆಯುರ್ವೇದ ಔಷಧಿಗಳಲ್ಲಿ ಸೋಮಲತಾ ಇರುತ್ತದೆ. ಅದು ಹಿಮಾಲಯದ ಎಫೆಡ್ರಾ, ಮಾ ಹುವಾಂಗ್‌ನ ದಾಯಾದಿ. ಡಬ್ಬಿಯ ಹಿಂಭಾಗ ಓದಿ.

ಸದಸ್ಯ (ಮೈಸೂರು): ಅಲೋಪತಿಯವರು ಬೇರೆ ಪದ್ಧತಿ ಅಂದ್ರೆ ಬೇಡ ಅಂತಲೇ ಹೇಳ್ತೀರಿ.

ಉತ್ತರ: ಇಲ್ಲ ಸರ್. ಚೀನಾದಲ್ಲಿ 91 ಉಬ್ಬಸ ರೋಗಿಗಳಿಗೆ ನಾಲ್ಕು ವಾರ ಮೂರು ಮೂಲಿಕೆಯ ಔಷಧಿ ಕೊಟ್ಟು ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಜೊತೆ ಹೋಲಿಸಿದ ಅಧ್ಯಯನ 2005ರಲ್ಲಿ ಬಂತು. ಎರಡೂ ಗುಂಪಿನಲ್ಲಿ ಉಸಿರಿನ ಬಲ ಹೆಚ್ಚಿತು, ಪ್ರೆಡ್ನಿಸೋನ್ ಗುಂಪಿನಲ್ಲಿ ತುಸು ಜಾಸ್ತಿ. ಅದರಲ್ಲಿ ಮಾ ಹುವಾಂಗ್ ಇರಲಿಲ್ಲ. ಅದನ್ನು ನಾನು ಗೌರವದಿಂದಲೇ ಓದಿದ್ದೇನೆ. ಹಾಗೆಯೇ ಕೆಮ್ಮಿಗೆ ಕೊಡುತ್ತಿದ್ದ ಮಾ ದೌ ಲಿಂಗ್ ಎಂಬ ಕಾಯಿಯಲ್ಲಿ ಕಿಡ್ನಿ ಹಾಳುಮಾಡುವ, ಕ್ಯಾನ್ಸರ್ ತರುವ ಅರಿಸ್ಟೊಲೋಕಿಕ್ ಆಮ್ಲ ಇದೆ ಅನ್ನುವುದನ್ನೂ ಹೇಳಲೇಬೇಕು. ನಾನು ಬೇಡ ಅನ್ನುವುದು, ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಬೆರೆಸುವುದನ್ನು.

ಸದಸ್ಯೆ (ಸಿಂಗಪುರ): ಮೇಡಂ, ಈಗಷ್ಟೇ ಮನೆಗೆ ಬಂದ್ವಿ. ನಾಡಿ 118, ಪೊಟ್ಯಾಸಿಯಂ 3.0. ಔಷಧಿ ಕೊಟ್ಟಿದ್ದಾರೆ, ನಾಳೆ ಮತ್ತೆ ರಕ್ತ ಪರೀಕ್ಷೆ. ಡೆರಿಫಿಲಿನ್ ಸದ್ಯಕ್ಕೆ ನಿಲ್ಲಿಸಿದ್ದಾರೆ. ಆ ಚೀನೀ ವೈದ್ಯರು ಅವತ್ತು ಬೇರೆ ಔಷಧಿ ಏನು ತಗೊಳ್ತೀರಿ ಅಂತ ಕೇಳಿದ್ರಂತೆ. ಅಮ್ಮನಿಗೆ ಭಾಷೆ ಬಾರದೆ ಸುಮ್ಮನೆ ತಲೆ ಆಡಿಸಿದ್ರಂತೆ.

ಉತ್ತರ: ಇವತ್ತೇ ಹೋಗಿದ್ದು ಬಹಳ ಒಳ್ಳೇದಾಯ್ತು. ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿದ್ದರೆ ಕಮ್ಮಿಯೇ, ನಾಳೆಯ ಪರೀಕ್ಷೆ ತಪ್ಪಿಸಬೇಡಿ. ಅಮ್ಮನ ಎಲ್ಲ ಔಷಧಿಗಳ ಹೆಸರು, ಪ್ರಮಾಣ ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆದು ಅವರ ಪರ್ಸಿನಲ್ಲಿಡಿ. ಒಂದು ಪ್ರತಿ ಆ ಚೀನೀ ವೈದ್ಯರಿಗೂ ಕೊಟ್ಟು ಬನ್ನಿ.