ಒಂದೇ ದಿನ ಇಂಜೆಕ್ಷನ್ ಕೊಟ್ಟರೂ ಎಂಟು ಕುರಿ ಬೆದೆಗೆ ಬರಲಿಲ್ಲ, ಯಾಕೆ?

ಮಳವಳ್ಳಿ ಕುರಿಮನೆ:
ನಮಸ್ಕಾರ. 20 ಬಂಡೂರು ಕುರಿ ಇವೆ. ಮರಿಗಳೆಲ್ಲ ಒಟ್ಟಿಗೆ ಹುಟ್ಟಿದರೆ ಸಾಕೋಕೂ ಮಾರೋಕೂ ಅನುಕೂಲ ಅಂತ ಎಲ್ಲಕ್ಕೂ ಒಂದೇ ದಿನ ಬೆದೆಗೆ ತರುವ ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಕೊಡಿಸಿದೆ. ಮೂರು ದಿನದೊಳಗೆ 12 ಬೆದೆಗೆ ಬಂದವು. ಬಾಲ ಅಲ್ಲಾಡಿಸ್ತಾ ಟಗರಿನ ಪಕ್ಕಕ್ಕೇ ಹೋಗಿ ನಿಲ್ತಿದ್ದವು. ಉಳಿದ 8 ಮೇವಿನಿಂದ ತಲೆ ಎತ್ತಲಿಲ್ಲ. ಈಗ ಆ 12ರಲ್ಲೂ 5 ಮತ್ತೆ ಬೆದೆಗೆ ಬಂದಿವೆ. ಔಷಧಿ ಕೆಟ್ಟಿತ್ತಾ?

ಪಶುವೈದ್ಯ:
ಔಷಧಿ ಸರಿಯಾಗಿಯೇ ಇದೆ, ಇಲ್ಲದಿದ್ದರೆ 12 ಬರ್ತಿರಲಿಲ್ಲ. ಟಗರು ಎಷ್ಟು ಹೊತ್ತು ಜೊತೆಗಿತ್ತು ಹೇಳಿ.

ಮಳವಳ್ಳಿ ಕುರಿಮನೆ:
ಬೆದೆ ಕಂಡ ಕೂಡಲೇ ಬಿಟ್ಟೆ ಸರ್. ಒಂದು ಸಲ ಹತ್ತಿದ ಮೇಲೆ ಆ ಕುರಿಯನ್ನ ಬೇರೆ ಕಟ್ಟಿದೆ. ಇರೋದು ಒಂದೇ ಟಗರು, ಸುಸ್ತಾಗುತ್ತೆ ಅಂತ. ಬೆದೆಗೆ ಬರದ 8ರ ಹತ್ತಿರ ಟಗರು ಸುಳಿದೇ ಇಲ್ಲ.

ಪಶುವೈದ್ಯ:
ಹಾಗಾದರೆ ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ.

ಕುರಿಯ ಬೆದೆ ಚಕ್ರ ಸುಮಾರು 17 ದಿನ. ಅಂಡ ಬಿಡುಗಡೆಯಾದ ಜಾಗದಲ್ಲಿ ಕಾರ್ಪಸ್ ಲೂಟಿಯಂ ಅನ್ನೋ ಗಡ್ಡೆ ಬೆಳೆದು ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಸುರಿಸುತ್ತೆ. ಅದು ಇರೋವರೆಗೂ ಮುಂದಿನ ಅಂಡ ಹೊರಗೆ ಬರಲ್ಲ. ಗಬ್ಬ ನಿಲ್ಲದಿದ್ದರೆ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಬಿಟ್ಟು ಆ ಗಡ್ಡೆಯನ್ನ ಕರಗಿಸುತ್ತೆ. ನಿಮ್ಮ ಇಂಜೆಕ್ಷನ್ ಮಾಡೋದೂ ಇದೇ ಕೆಲಸ. ಆದರೆ ಮೊದಲ ನಾಲ್ಕೈದು ದಿನ ಗಡ್ಡೆ ಇನ್ನೂ ಎಳಸು, ಔಷಧಿಗೆ ಜಗ್ಗಲ್ಲ. ನಿಮ್ಮ 8 ಕುರಿ ಬಹುಶಃ ಅವತ್ತು ಆ ಹಂತದಲ್ಲಿದ್ದವು. ಅದಕ್ಕೇ 10 ದಿನ ಬಿಟ್ಟು ಎರಡನೇ ಸಲ ಕೊಡಬೇಕು. ಅಷ್ಟರಲ್ಲಿ ಎಲ್ಲದರ ಗಡ್ಡೆಯೂ ಬಲಿತಿರುತ್ತೆ. ಟಗರು ಬಿಡೋದು ಎರಡನೇ ಇಂಜೆಕ್ಷನ್ ಆದ ಮೇಲೆ.

ಇನ್ನು ಆ 5ರ ವಿಷಯ. ಗಡ್ಡೆ ಕರಗಿದಾಗ ಈಸ್ಟ್ರೋಜನ್ ಅನ್ನೋ ಇನ್ನೊಂದು ಹಾರ್ಮೋನು ಏರಿ ಕುರಿ ಬೆದೆಗೆ ಬರುತ್ತೆ. ಅದೇ ಈಸ್ಟ್ರೋಜನ್ ಮಿದುಳಿಗೂ ಸುದ್ದಿ ಮುಟ್ಟಿಸುತ್ತೆ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಅಂಡ ಬಿಡಿಸೋ ಎಲ್‌ಎಚ್ ಹಾರ್ಮೋನು ಒಮ್ಮೆಲೇ ನುಗ್ಗುತ್ತೆ. ಅದಾಗಿ ಸರಿಸುಮಾರು ಒಂದು ದಿನಕ್ಕೆ ಅಂಡ ಹೊರಗೆ ಬರೋದು. ಅಂದರೆ ಬೆದೆ ಮುಗೀತಾ ಬಂದಾಗ. ನೀವು ಬೆದೆ ಶುರುವಾಗುವಾಗಲೇ ಒಂದು ಸಲ ಹತ್ತಿಸಿ ಕಟ್ಟಿಬಿಟ್ಟಿರಿ. ಬೆದೆ ಮುಗಿಯೋವರೆಗೂ, ಅಂದರೆ ಒಂದೂವರೆ ದಿನವಾದರೂ, ಟಗರು ಜೊತೆಗಿರಬೇಕು. ಒಟ್ಟಿಗೆ 12 ಕುರಿ ಬೆದೆಗೆ ಬಂದರೆ ಒಂದು ಟಗರಿಗೆ ಭಾರವೇ, ಇನ್ನೊಂದನ್ನ ಎರವಲು ತನ್ನಿ.

ಒಂದು ಮಾತು ದಯವಿಟ್ಟು ಮರೀಬೇಡಿ. ಮತ್ತೆ ಬೆದೆಗೆ ಬರದ 7 ಕುರಿ ಗಬ್ಬ ಇರಬಹುದು. ಅವಕ್ಕೆ ಈ ಇಂಜೆಕ್ಷನ್ ಬೀಳಲೇಬಾರದು, ಕಂದು ಹಾಕುತ್ತವೆ. ಮನೆಯಲ್ಲಿ ಬಸುರಿಯರು, ಉಬ್ಬಸದವರು ಇದ್ದರೆ ಸೀಸೆ ಮುಟ್ಟೋಕೂ ಬಿಡಬೇಡಿ, ಚರ್ಮದಿಂದಲೇ ಒಳಗೆ ಇಳಿಯುತ್ತೆ.

ಮಳವಳ್ಳಿ ಕುರಿಮನೆ:
ಅಯ್ಯೋ, ನಾಳೆ 20ಕ್ಕೂ ಮತ್ತೆ ಕೊಡಿಸೋಣ ಅಂತಿದ್ದೆ ಸರ್! ಆ 7ನ್ನ ಈಗಲೇ ಬೇರೆ ಕೊಟ್ಟಿಗೆಗೆ ಹಾಕಿ ಕೊಂಬಿಗೆ ಕೆಂಪು ಬಣ್ಣ ಬಳೀತೀನಿ.

ಪಶುವೈದ್ಯ:
ಬಂಡೂರಿಗೆ ಕೊಂಬೆಲ್ಲಿ ಬಂತು, ಬೆನ್ನಿಗೆ ಬಳೀರಿ. ಆ 5ರ ಜೊತೆ ಟಗರು ಈಗಲೇ ಬಿಡಿ, ನಾಳೆ ಸಂಜೆವರೆಗೂ ತೆಗೀಬೇಡಿ.